ಬಾಲವಿಲ್ಲದ ಶಟಲ್

ಆ ಊರಿನಲ್ಲಿ ಆಟದ ಹಾಲ್‌ಗಳು ಎಷ್ಟಿದ್ದರೂ ಅಲ್ಲಿನ ನೆಲದ ಮೇಲಿರುವ ಬಿಳಿ ಗೆರೆಗಳೆಲ್ಲ ಒಬ್ಬನ ಕೈಯವೇ. ಅವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಅದು ಅವನ ಗುರುತಿನ ಚೀಟಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ವಯಸ್ಸು ಐವತ್ತೆರಡು, ಅದರಲ್ಲಿ ಅರ್ಧ ಕಳೆದದ್ದು ಮೊಣಕಾಲೂರಿಕೊಂಡೇ. ಬಣ್ಣದ ಪುಡಿ ಸವರಿದ ದಾರವನ್ನು ನೆಲದ ಉದ್ದಕ್ಕೂ ಬಿಗಿದು, ಒಮ್ಮೆ ಚಿಮ್ಮಿಸಿ ಗುರುತು ಹಾಕಿ, ಎರಡೂ ಬದಿಗೆ ಟೇಪು ಅಂಟಿಸಿ, ನಡುವೆ ಪುಟ್ಟ ರೋಲರಿನಲ್ಲಿ ಬಣ್ಣ ಉರುಳಿಸಿ, ಬಣ್ಣ ಅರೆ ಒಣಗಿದಾಗ ಉಸಿರು ಬಿಗಿಹಿಡಿದು ಟೇಪು ಕೀಳುವುದು ಅವನ ಕಸುಬು. ಬ್ಯಾಡ್ಮಿಂಟನ್ ಗೆರೆ ನಾಲ್ಕು ಸೆಂಟಿಮೀಟರ್ ಅಗಲ ಅಂದರೆ ನಾಲ್ಕೇ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಸೋತವರು ಯಾರಾದರೂ ಗೆರೆಯ ಮೇಲೆ ತಪ್ಪು ಹೊರಿಸಿದರೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ತಗೋ, ಅಳೆದು ನೋಡು" ಎಂದು ಅಳತೆಪಟ್ಟಿಯನ್ನು ಅವರ ಕೈಗೇ ಕೊಡುತ್ತಿದ್ದ.

ಅಲ್ಲಿನ ಬ್ಯಾಡ್ಮಿಂಟನ್ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿ ಇತ್ತು. ಗೆರೆ ಎಳೆದವನೇ ಪಂದ್ಯದ ದಿನ ಗೆರೆ ಕಾಯಬೇಕು. ಅಂಕಣದ ಹಿಂಗೆರೆಯ ಮೂಲೆಗೆ ಕುರ್ಚಿ ಹಾಕಿಕೊಂಡು, ಶಟಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವ ಕೆಲಸ. ಹೊರಗೆ ಬಿದ್ದರೆ "ಔಟ್" ಎಂದು ಕೂಗಿ ಎರಡೂ ಕೈ ಅಗಲಿಸಬೇಕು. ಒಳಗೆ ಬಿದ್ದರೆ ತುಟಿ ಪಿಟಕ್ಕೆನ್ನದೆ ಬಲಗೈ ಚಾಚಿ ಗೆರೆ ತೋರಿಸಬೇಕು. ಗೆರೆಯ ಮೇಲೆ ಬಿದ್ದರೂ ಒಳಗೇ. ಸ್ವಂತ ಅಣ್ಣನ ಮಗಳು ಆಡುವಾಗಲೂ ಆ ಕುರ್ಚಿಯಲ್ಲಿ ಅವನೇ ಕೂರುತ್ತಿದ್ದ. ಬೇರೆ ಕಡೆ ಆಗಿದ್ದರೆ ದೊಡ್ಡ ರಂಪವಾಗುತ್ತಿತ್ತು. ಇಲ್ಲಿ ಎದುರು ಪಕ್ಷದವರೇ, "ಗೆರೆಯಣ್ಣ ಕೂತಿದಾನಾ? ಹಾಗಾದ್ರೆ ಸರಿ ಬಿಡಿ" ಎನ್ನುತ್ತಿದ್ದರು. ಅಷ್ಟು ನಂಬಿಕೆ.

ಇಂಥವನ ಕಣ್ಣಿಗೇ ಮೂರು ತಿಂಗಳ ಹಿಂದೆ ಏನೋ ಆಯಿತು.

ಅವನಿಗೆ ಮೊದಲಿನಿಂದ ಅರೆತಲೆನೋವು. ಯಾರೋ ಡಾಕ್ಟರು ಹೊಸ ಮಾತ್ರೆ ಕೊಟ್ಟರು, ನೋವು ಹೇಳಹೆಸರಿಲ್ಲದಂತೆ ಮಾಯವಾಯಿತು. ಎಂಟನೇ ದಿನ ಒಂದು ಶಾಲೆಯ ಹಾಲಿನಲ್ಲಿ ಬಣ್ಣದ ರೋಲರ್ ಎಳೆಯುತ್ತಿದ್ದಾಗ, ಅವನ ಕೈ ಮುಂದೆ ಹೋದರೂ ರೋಲರ್ ಹಿಂದೆಯೇ ಉಳಿಯಿತು. ಒಂದಲ್ಲ, ಏಳೆಂಟು ರೋಲರುಗಳು ಸಾಲಾಗಿ, ಅವುಗಳ ಜೊತೆ ಏಳೆಂಟು ಕೈಗಳು. ನಾಲ್ಕು ಎಣಿಸುವಷ್ಟರಲ್ಲಿ ಎಲ್ಲ ಕರಗಿ ಹೋದವು. ಮತ್ತೆ ಕೈ ಬೀಸಿದ. ಮತ್ತೆ ಸಾಲು ಹಿಡಿಯಿತು. "ಎಲಾ ಇದರ!" ಎಂದ ಗೆರೆಯಣ್ಣ. ಬೇರೆಯವರಾಗಿದ್ದರೆ ಕೈಕಾಲು ತಣ್ಣಗಾಗುತ್ತಿತ್ತು. ಇವನೋ, ಬಣ್ಣ ಒಣಗುವುದನ್ನೂ ಮರೆತು ಅರ್ಧ ಗಂಟೆ ಒಬ್ಬನೇ ಕೈ ಬೀಸುತ್ತಾ ನಿಂತ. ಬಾಗಿಲಲ್ಲಿ ಇಣುಕಿದ ಕಾವಲುಗಾರ ಸದ್ದಿಲ್ಲದೆ ಬಾಗಿಲು ಮುಂದೆ ಮಾಡಿಕೊಂಡು ಹೋದ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ ಶಾಲೆಯೊಂದರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ನೋಡಿಕೊಳ್ಳುವವಳು. ಅರ್ಧಂಬರ್ಧ ಮಾತಿಗೆ ಬಗ್ಗುವ ಪೈಕಿಯಲ್ಲ.

"ಎಷ್ಟು ಹೊತ್ತು ಉಳಿಯುತ್ತೆ?" ಎಂದು ಕೇಳಿದಳು.

"ಒಂದು ಗಳಿಗೆ."

"ಗಳಿಗೆ ಅಂದ್ರೆ ನಂಗರ್ಥ ಆಗಲ್ಲ ರೀ. ಸೆಕೆಂಡಲ್ಲಿ ಹೇಳಿ." ಎದ್ದು ಹೋಗಿ, ಶಾಲೆಯ ಮಕ್ಕಳ ಓಟಕ್ಕೆ ಬಳಸುವ ಸ್ಟಾಪ್‌ವಾಚ್ ತಂದಳು.

ಅಂದಿನಿಂದ ಆ ಮನೆಯ ಅಡುಗೆಮನೆಯೇ ಪ್ರಯೋಗಾಲಯವಾಯಿತು. ಆಕೆ ಟಾರ್ಚು ಬೀಸುವುದು, ಇವನು "ಈಗ ಇದೆ, ಈಗ ಇದೆ, ಹೋಯ್ತು" ಎನ್ನುವುದು. ಟಾರ್ಚಿನ ಬೆಳಕು ಗಾಳಿಯಲ್ಲಿ ರಿಬ್ಬನ್ನಿನಂತೆ ನಿಲ್ಲುತ್ತಿತ್ತು. ನಲ್ಲಿಯಿಂದ ತೊಟ್ಟಿಕ್ಕುವ ನೀರು ಹುರಿಹಗ್ಗವಾಗುತ್ತಿತ್ತು. ಒಂದು ದಿನ ಕಿಟಕಿಯ ಬಿಸಿಲಿಗಿಟ್ಟ ಹಳದಿ ಟೀ ಕಪ್ಪನ್ನು ದಿಟ್ಟಿಸಿ ನೋಡಿ, ಹಜಾರಕ್ಕೆ ಹೋಗಿ ಪತ್ರಿಕೆ ಹಿಡಿದು ಕೂತ. ಐದು ನಿಮಿಷದ ಮೇಲೆ ಪತ್ರಿಕೆಯಲ್ಲಿದ್ದ ಮಂತ್ರಿಯೊಬ್ಬರ ಬೋಳುತಲೆಯ ಮೇಲೆ ಅದೇ ಕಪ್ಪು, ಹಿಡಿಕೆ ಸಮೇತ, ಬಂದು ಕೂತಿತು! ಗೆರೆಯಣ್ಣ ನಕ್ಕೂ ನಕ್ಕೂ ಕೆಮ್ಮಿದ. ಹೆಂಡತಿ ನಗಲಿಲ್ಲ. "ಇದು ಬೇರೆ ಥರ ಇದೆಯಲ್ಲ" ಎಂದಳು. "ಟಾರ್ಚು ಬಾಲ ಬಿಟ್ಕೊಂಡು ಹೋಗುತ್ತೆ. ಇದು ಬಾಲ ಇಲ್ದೆ, ತಡವಾಗಿ ಬರುತ್ತೆ."

"ತಲೆ ಆಚೆ ತಿರುಗಿಸಿ ನೋಡಿ, ಕಪ್ಪು ಅಲ್ಲೇ ಇರುತ್ತಾ?" ಎಂದೂ ಕೇಳಿದಳು.

ತಿರುಗಿಸಿದ. ಕಪ್ಪು ಅವನ ಕಣ್ಣಿನ ಜೊತೆಗೇ ಬಂದು ಗೋಡೆಯ ಮೇಲೆ ಕೂತಿತು.

"ನಿಜವಾದದ್ದು ಇದ್ದಲ್ಲೇ ಇರುತ್ತೆ. ಸುಳ್ಳು ನಿಮ್ಮ ಹಿಂದೆ ಬರುತ್ತೆ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ಸುಮ್ನೆ ಹೇಳಿಲ್ಲ" ಎಂದು ಆಕೆ ಬರೆದುಕೊಂಡಳು.

ಆಕೆಯ ಕಾಟ ತಡೆಯಲಾರದೆ ಅವನು ಕಣ್ಣಿನ ಡಾಕ್ಟರಮ್ಮನ ಬಳಿಗೂ ಹೋದ. ಡಾಕ್ಟರಮ್ಮ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. "ಕಣ್ಣು ಚೆನ್ನಾಗಿದೆ. ಕಣ್ಣು ಕಳಿಸಿದ ಚಿತ್ರವನ್ನ ಮಿದುಳು ಬೇಗ ಕೈಬಿಡ್ತಾ ಇಲ್ಲ. ಆ ಹೊಸ ಮಾತ್ರೆದೇ ಕಿತಾಪತಿ ಅಂತ ನನ್ನ ಅನುಮಾನ. ಅದನ್ನ ಕೊಟ್ಟವರ ಹತ್ರ ಇವತ್ತೇ ಹೋಗಿ, ಬದಲಾಯಿಸಿಕೊಳ್ಳಿ. ನರದ ಡಾಕ್ಟರಿಗೂ ತೋರಿಸಿ. ಅಲ್ಲೀವರೆಗೂ ಗಾಡಿ ಓಡಿಸ್ಬೇಡಿ, ಏಣಿ ಹತ್ಬೇಡಿ" ಎಂದರು. ಗೆರೆಯಣ್ಣ ಎಲ್ಲಕ್ಕೂ ಹೂಂ ಎಂದ. ಗಾಡಿ ಬಿಟ್ಟ, ಏಣಿ ಬಿಟ್ಟ. ಮಾತ್ರೆ ಮಾತ್ರ ಬಿಡಲಿಲ್ಲ, ಬದಲಾಯಿಸಿಕೊಳ್ಳಲೂ ಹೋಗಲಿಲ್ಲ. ಹೆಂಡತಿ ಕೇಳಿದರೆ, "ನಾಳೆ ಹೋಗ್ತೀನಿ" ಎನ್ನುತ್ತಿದ್ದ.

ಯಾಕೆ ಅಂತೀರಾ? ತಲೆನೋವು ಹೋದದ್ದು ಒಂದು ಕಾರಣ, ಸರಿ. ಇನ್ನೊಂದು ಕಾರಣ ಅವನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಗೆರೆಯ ಕುರ್ಚಿಯಲ್ಲಿ ಕೂತಾಗ ಅವನಿಗೆ ಇನ್ಯಾರಿಗೂ ಕಾಣದ್ದು ಕಾಣುತ್ತಿತ್ತು. ಹಾರಿ ಬರುವ ಶಟಲ್ ಒಂದರ ಹಿಂದೆ ಇನ್ನೊಂದರಂತೆ ಹತ್ತು ಹನ್ನೆರಡು ಶಟಲ್‌ಗಳ ಸಾಲನ್ನೇ ಬಿಟ್ಟು ಹೋಗುತ್ತಿತ್ತು. ಅದು ಬಿದ್ದು, ಪುಟಿದು, ಉರುಳಿ ಹೋದ ಮೇಲೂ ಬಂದ ದಾರಿ ಪೂರ್ತಿ ಗಾಳಿಯಲ್ಲಿ ನಿಂತಿರುತ್ತಿತ್ತು. ಆ ಸಾಲು ನೆಲ ಮುಟ್ಟಿದ ಜಾಗವನ್ನು ನಿಧಾನವಾಗಿ ನೋಡಿ ಹೇಳಿದರಾಯಿತು. ಮೊದಲು ಅವನು ನೂರಕ್ಕೆ ತೊಂಬತ್ತೆಂಟು ಸರಿ ಹೇಳುತ್ತಿದ್ದನೋ ಏನೋ. ಈಗ ನೂರಕ್ಕೆ ನೂರು ಎಂದು ತಾನೇ ಅಂದುಕೊಂಡಿದ್ದ. ಅವನ ಮಾತಿನ ಧಾಟಿಯೂ ಬದಲಾಯಿತು. ತಕರಾರು ತೆಗೆದವರಿಗೆ, "ಅರ್ಧ ಬೆರಳು ಆಚೆ, ಎಡಕ್ಕೆ ವಾಲಿಕೊಂಡು ಬಿತ್ತು" ಎಂದು ಇಂಚಿಂಚೂ ಬಿಡಿಸಿ ಹೇಳುತ್ತಿದ್ದ. ಅಷ್ಟು ಖಚಿತವಾಗಿ ಹೇಳುವವನ ಎದುರು ವಾದಿಸುವವರು ಯಾರು? ಬರಬರುತ್ತಾ ಯಾರೂ ತಕರಾರು ತೆಗೆಯುವುದನ್ನೇ ಬಿಟ್ಟರು. ಗೆರೆಯಣ್ಣ ಒಳಗೊಳಗೇ ಉಬ್ಬಿಹೋದ.

ಈಗ ಅಣ್ಣನ ಮಗಳ ವಿಷಯ. ಮೇಲಿನ ಮಹಡಿಯಲ್ಲಿ ಅಣ್ಣನ ಸಂಸಾರ, ಕೆಳಗೆ ಇವನದು. ಹತ್ತೊಂಬತ್ತು ವರ್ಷದ ಆ ಹುಡುಗಿ ಒಂದು ಕಡೆ ನಿಂತವಳೇ ಅಲ್ಲ. ಮೆಟ್ಟಿಲನ್ನು ಮೂರು ಮೂರಾಗಿ ಹಾರಿಕೊಂಡು ಇಳಿಯುತ್ತಿದ್ದವಳಿಗೆ ಗೆರೆಯಣ್ಣನೇ ಮಿಡತೆ ಎಂದು ಹೆಸರಿಟ್ಟಿದ್ದ. ಅವಳ ಕೈಗೆ ಮೊದಲ ರಾಕೆಟ್ ಕೊಟ್ಟವನೂ ಅವನೇ. ಮಕ್ಕಳಿಲ್ಲದ ಅವನಿಗೆ ಅವಳೆಂದರೆ ಪ್ರಾಣ. ಆ ವರ್ಷದ ಕೊನೆಯ ಪಂದ್ಯದಲ್ಲಿ ಗೆದ್ದವರಿಗೆ ದೊಡ್ಡ ತರಬೇತಿ ಶಿಬಿರದಲ್ಲಿ ಒಂದು ಜಾಗವಿತ್ತು, ಒಂದೇ ಒಂದು. ಮುಂದಿನ ವರ್ಷಕ್ಕೆ ಅವಳ ವಯಸ್ಸು ದಾಟಿಬಿಡುತ್ತಿತ್ತು. ಮಿಡತೆ ಅಂತಿಮ ಪಂದ್ಯಕ್ಕೆ ಬಂದಳು. ಎದುರಿಗೆ ನದಿಯಾಚೆಯ ಸಂಘದ ಎಡಗೈ ಹುಡುಗಿ.

"ಈ ಪಂದ್ಯಕ್ಕೆ ನೀವು ಕೂರ್ಬೇಡಿ ರೀ" ಎಂದಳು ಹೆಂಡತಿ ಆ ಬೆಳಿಗ್ಗೆ.

"ಯಾಕೆ? ನಾನು ಅವಳ ಕಡೆ ವಾಲ್ತೀನಿ ಅಂತಾನಾ?"

"ನಿಮ್ಮ ಮನಸ್ಸು ವಾಲಲ್ಲ ಅಂತ ಗೊತ್ತು. ನಿಮ್ಮ ಕಣ್ಣಿನ ಮಾತು ನಾನು ಹೇಳ್ತಿರೋದು. ಬಾಲ ಇಲ್ದೆ ಬರೋದೂ ಒಂದಿದೆ, ಮರೀಬೇಡಿ."

"ಮೂರು ತಿಂಗಳಲ್ಲಿ ಒಂದಾದ್ರೂ ತಪ್ಪು ಹೇಳಿದೀನಾ? ಯಾರಾದ್ರೂ ಅಂದ್ರಾ?"

ಗೆರೆಯಣ್ಣ ಗೆದ್ದವನಂತೆ ಶೂ ಹಾಕಿಕೊಂಡ.

ಹಾಲ್ ಕಿಕ್ಕಿರಿದಿತ್ತು. ಮೊದಲ ಆಟ ಎಡಗೈಯವಳದು, ಎರಡನೆಯದು ಮಿಡತೆಯದು. ಮೂರನೆಯದರಲ್ಲಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಬಂದರು. ಹದಿನೆಂಟು, ಹದಿನೆಂಟು. ಗೆರೆಯಣ್ಣ ಎಡಗೈಯವಳ ಬೆನ್ನ ಹಿಂದಿನ ಗೆರೆಗೆ ಕೂತಿದ್ದ. ಮಿಡತೆ ಎತ್ತರಕ್ಕೆ ಬಾರಿಸಿದ ಶಟಲ್ ಸೀದಾ ಬಂದು ಗೆರೆಯ ಮೇಲೆಯೇ ಬಿದ್ದು, ಅಲ್ಲೇ ಕೂತಿತು. ಒಳಗೆ. ಯಾರಿಗೂ ಅನುಮಾನವಿರಲಿಲ್ಲ. ಮಿಡತೆಗೆ ಹತ್ತೊಂಬತ್ತು. ಅಷ್ಟರಲ್ಲಿ ಎಡಗೈಯವಳು ಜಾರಿ ಬಿದ್ದಿದ್ದರಿಂದ ನೆಲದ ಬೆವರು ಒರೆಸುವವರೆಗೆ ಆಟ ನಿಂತಿತು. ಆ ಒಂದೂವರೆ ನಿಮಿಷ ಬೆಳ್ಳಗಿನ ಶಟಲ್ ದೀಪದ ಕೆಳಗೆ ಗೆರೆಯ ಮೇಲೆ ಹೊಳೆಯುತ್ತಾ ಇತ್ತು, ಗೆರೆಯಣ್ಣ ಅದನ್ನೇ ನೋಡುತ್ತಾ ಇದ್ದ. ತನ್ನ ಗೆರೆ, ತನ್ನ ಹುಡುಗಿಯ ಶಟಲ್. ಕಣ್ಣು ತೆಗೆಯಲು ಮನಸ್ಸು ಬರಲಿಲ್ಲ.

ಅದಾದ ಮೇಲೆ ಎಡಗೈಯವಳಿಗೆ ಒಂದು ಪಾಯಿಂಟ್, ಮಿಡತೆಗೆ ಒಂದು. ಇಪ್ಪತ್ತು, ಹತ್ತೊಂಬತ್ತು. ಮಿಡತೆಗೆ ಇನ್ನೊಂದು ಬಂದರೆ ಮುಗಿಯಿತು. ಬಹಳ ಹೊತ್ತು ನಡೆದ ಹೊಡೆದಾಟದ ಕೊನೆಗೆ ಮಿಡತೆ ಎಡಗೈಯವಳ ತಲೆಯ ಮೇಲಿಂದ ಹಿಂದಕ್ಕೆ ಎತ್ತಿ ಹಾಕಿದಳು. ಎಡಗೈಯವಳು ಓಡಿ ಬಂದಳು, ರಾಕೆಟ್ ಎತ್ತಿದಳು, ಹೊರಗೆ ಹೋಗುತ್ತದೆ ಎಂದುಕೊಂಡು ಕೈ ಬಿಟ್ಟಳು. ಶಟಲ್‌ಗಳ ಸಾಲು ಗೆರೆಯಣ್ಣನ ಕಣ್ಣೆದುರು ಇಳಿದು ಬಂತು. ಸಾಲಿನ ತುದಿಯಲ್ಲಿ, ಗೆರೆಯ ನಟ್ಟ ನಡುವೆ, ಶಟಲ್ ಬೆಳ್ಳಗೆ ಕೂತಿತ್ತು. ಅವನು ಬಲಗೈ ಚಾಚಿ ಗೆರೆ ತೋರಿಸಿದ.

ಹಾಲ್ ಹಾರಿಹೋಗುವಂತೆ ಜನ ಕೂಗಿದರು. ಮಿಡತೆ ಮಂಡಿಯೂರಿ ಕೂತು ಮುಖ ಮುಚ್ಚಿಕೊಂಡಳು. ಗೆರೆಯಣ್ಣ ಎತ್ತರದ ಕುರ್ಚಿಯಲ್ಲಿದ್ದ ಅಂಪೈರ್ ಕಡೆಗೆ ಕಣ್ಣೆತ್ತಿದ. ಗೆರೆಯ ಮೇಲಿದ್ದ ಶಟಲ್ ಕೂಡ ಎದ್ದಿತು. ಎದ್ದು, ಅವನ ಕಣ್ಣಿನ ಜೊತೆಯಲ್ಲೇ ಸಾಗಿ, ಅಂಪೈರ್ ಅವರ ನೀಲಿ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು.

ಗೆರೆಯಣ್ಣ ಗೋಡೆ ನೋಡಿದ, ಶಟಲ್ ಗೋಡೆಗೆ ಬಂತು. ಬಲೆ ನೋಡಿದ, ಬಲೆಗೆ ಬಂತು. ಕೊನೆಗೆ ನೆಲ ನೋಡಿದ. ನಿಜವಾದ ಶಟಲ್ ಗೆರೆಯಿಂದ ಒಂದು ಗೇಣು ಆಚೆ ಮಗುಚಿಕೊಂಡು ಬಿದ್ದಿತ್ತು. ಒಳಗೆ ಬಿದ್ದು ಪುಟಿದು ಅಲ್ಲಿಗೆ ಹೋಗಿರಬಹುದು, ಹೊರಗೇ ಬಿದ್ದಿರಬಹುದು. ಬಿದ್ದ ಜಾಗದ ಮೇಲೆ ಹಳೆಯದೊಂದು ಕೂತಿದ್ದರೆ ಹೊಸದು ಎಲ್ಲಿ ಬಿತ್ತೆಂದು ಕಾಣುವುದಾದರೂ ಹೇಗೆ? ಅವನಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ತನ್ನ ಗೆರೆಯ ಮೇಲೆ ಏನಾಯಿತೆಂದು ಅವನಿಗೆ ಗೊತ್ತಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಅವನಿಗೆ ಆ ಆಸೆ ಬಾರದೆ ಇರಲಿಲ್ಲ. ಮಂಡಿಯೂರಿದ್ದ ಹುಡುಗಿಯ ಬೆನ್ನು ಅಳುವಿಗೆ ಅಲುಗುತ್ತಿದ್ದುದು ಕಾಣುತ್ತಿತ್ತು. ಒಳಗೇ ಬಿದ್ದಿರಬಹುದಲ್ಲ, ಇರಬಹುದಲ್ಲ ಎಂದು ಮೂರು ಸಲ ಅಂದುಕೊಂಡ. ಎಡಗೈಯವಳು ಗೆರೆಯನ್ನೊಮ್ಮೆ ನೋಡಿ, ಇವನನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ಕೈಕುಲುಕಲು ಬಲೆಯ ಕಡೆಗೆ ಹೊರಟಳು. ಅವಳು ಹಾಗೆ ಸುಮ್ಮನೆ ಹೊರಟದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಗೆರೆ ಕಾಯುವವನಿಗೆ ಮೂರನೆಯ ಸಂಜ್ಞೆಯೂ ಒಂದಿದೆ. ಶಟಲ್ ಬಿದ್ದದ್ದು ನನಗೆ ಕಾಣಲಿಲ್ಲ ಎನ್ನುವುದಕ್ಕೆ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಳ್ಳಬೇಕು. ಗೆರೆಯಣ್ಣ ಅದನ್ನು ಆ ದಿನದವರೆಗೆ ಒಮ್ಮೆಯೂ ಮಾಡಿದವನಲ್ಲ. ಈಗ ಕುರ್ಚಿಯಿಂದ ಎದ್ದು ನಿಂತು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. ಕೂಗು ಒಂದೊಂದೇ ಮೂಲೆಯಿಂದ ಇಳಿಯುತ್ತಾ ಬಂತು.

"ಏನ್ರೀ ಇದು ಗೆರೆಯಣ್ಣ?" ಅಂಪೈರ್ ಮೇಲಿಂದ ಕೇಳಿದರು. "ಈಗ ತಾನೇ ಒಳಗೆ ಅಂತ ತೋರಿಸಿದ್ರಲ್ಲ?"

"ನಂಗೆ ಕಾಣ್ಲಿಲ್ಲ ಸಾರ್."

"ಮತ್ತೆ ತೋರಿಸಿದ್ದು ಏನನ್ನ?"

"ಅದು ಬೇರೆ ಶಟಲ್."

"ಯಾವ ಬೇರೆ ಶಟಲ್ ರೀ? ಇರೋದೇ ಒಂದು!"

"ಮೂರು ಪಾಯಿಂಟ್ ಹಿಂದಿಂದು ಸಾರ್. ಹೋಗಿರ್ಲಿಲ್ಲ ಅದು, ನನ್ನ ಕಣ್ಣಲ್ಲೇ ಇತ್ತು."

ಯಾರೋ ಒಬ್ಬರು ನಕ್ಕರು. ಬೇರೆ ಯಾರೂ ಜೊತೆಗೂಡದ್ದರಿಂದ ಅವರೂ ನಿಲ್ಲಿಸಿದರು. ಅಂಪೈರ್ ಅವರಿಗೂ ಶಟಲ್ ಬಿದ್ದದ್ದು ಸರಿಯಾಗಿ ಕಂಡಿರಲಿಲ್ಲ. ಅವರು ಗೆರೆಯಣ್ಣನ ಕೈ ನೋಡಿ ಪಾಯಿಂಟ್ ಕೊಡುವುದರಲ್ಲಿದ್ದರು. ನಿಯಮದ ಪ್ರಕಾರ ಆ ಪಾಯಿಂಟನ್ನು ಮತ್ತೆ ಆಡಿಸಿದರು. ಗೆರೆಯಣ್ಣನ ಕುರ್ಚಿಗೆ ಬೇರೊಬ್ಬರನ್ನು ಕೂರಿಸಿದರು. ಮಿಡತೆಗೆ ಎದ್ದು ನಿಲ್ಲಲೇ ಎರಡು ನಿಮಿಷ ಹಿಡಿಯಿತು. ಸತತ ಮೂರು ಪಾಯಿಂಟ್ ಬಿಟ್ಟುಕೊಟ್ಟಳು. ಇಪ್ಪತ್ತು, ಇಪ್ಪತ್ತೆರಡು. ಶಿಬಿರದ ಜಾಗ ನದಿಯಾಚೆಗೆ ಹೋಯಿತು.

ಗೆರೆಯಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಹಾದುಹೋಗುವ ಪ್ರತಿ ಸೈಕಲ್ಲಿನ ಹಿಂದೆಯೂ ಆರೇಳು ಸೈಕಲ್ಲುಗಳು ಹೋಗುತ್ತಿದ್ದವು. ಇಷ್ಟು ದಿನ ಚಂದ ಎನ್ನಿಸಿದ್ದು ಆಗ ನೋಡಲು ಬೇಸರವಾಯಿತು. ಮಿಡತೆ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಕೆಂಪಾಗಿತ್ತು.

"ನನ್ನ ಮೇಲೆ ಕೋಪಾನಾ?" ಎಂದ ಅವನು. "ಬೈದುಬಿಡು. ನಾನು ಬೈಸಿಕೊಳ್ಳೋಕೇ ಕೂತಿರೋದು."

"ಚಿಕ್ಕಪ್ಪ, ಅದು ಔಟು."

"ಏನು?"

"ಶಟಲ್ಲು. ನಂಗೆ ಚೆನ್ನಾಗಿ ಕಾಣ್ತು. ಗೆರೆ ಆಚೆ ಬಿತ್ತು."

ಗೆರೆಯಣ್ಣ ಅವಳ ಕಡೆ ತಿರುಗಿದ. "ಕಂಡಿದ್ರೆ ಮತ್ತೆ ಗೆದ್ದೆ ಅಂತ ಯಾಕೆ ಕೂತೆ?"

"ನೀನು ಒಳಗೆ ಅಂದ್ಯಲ್ಲ." ಅವಳು ಶೂ ಲೇಸನ್ನು ಬಿಚ್ಚುತ್ತಾ, ಕಟ್ಟುತ್ತಾ ಹೇಳಿದಳು. "ನೀನು ತಪ್ಪು ಹೇಳೋದೇ ಇಲ್ಲ. ಹಾಗಾಗಿ ನನ್ನ ಕಣ್ಣೇ ಸರಿಯಿಲ್ಲ ಅನ್ಕೊಂಡೆ. ಸುಳ್ಳಾಡಿದ್ದಲ್ಲ ಚಿಕ್ಕಪ್ಪ, ನಿಜವಾಗ್ಲೂ ಹಾಗೇ ಅನ್ಕೊಂಡೆ."

ಗೆರೆಯಣ್ಣ ಬಹಳ ಮೆಲ್ಲಗೆ ಕೇಳಿದ: "ಮುಂಚೆ ಯಾವತ್ತಾದ್ರೂ ಹೀಗೆ ಅನ್ನಿಸಿತ್ತಾ?"

ಮಿಡತೆ ಉತ್ತರ ಕೊಡಲು ಹಿಂದೆಮುಂದೆ ನೋಡಿದಳು. "ಎರಡು ಸಲ. ಒಂದ್ಸಲ ನಂಗೆ ಲಾಭ ಆಯ್ತು, ಒಂದ್ಸಲ ನಷ್ಟ. ಬೇರೆಯವರಿಗೆ ಎಷ್ಟು ಸಲವೋ, ನಂಗೇನು ಗೊತ್ತು."

ಗೆರೆಯಣ್ಣ ಎದ್ದ. ಹಾಲಿನೊಳಗೆ ಬಹುಮಾನ ಹಂಚುವುದು ಮುಗಿದು ಆಟಗಾರರು ಚೀಲ ಕಟ್ಟಿಕೊಳ್ಳುತ್ತಿದ್ದರು. ಎಡಗೈಯವಳಿದ್ದಳು, ಹೋದ ತಿಂಗಳು ಸೋತವರಿದ್ದರು, ಅಂಪೈರ್ ನೀರು ಕುಡಿಯುತ್ತಾ ನಿಂತಿದ್ದರು. ಬಾಗಿಲಲ್ಲಿ ನಿಂತೇ ಅವನು ದೊಡ್ಡ ದನಿಯಲ್ಲಿ ಕೇಳಿದ.

"ಈ ಮೂರು ತಿಂಗಳಲ್ಲಿ ನಾನು ಹೇಳಿದ್ದು ತಪ್ಪು ಅಂತ ಯಾರಿಗಾದ್ರೂ ಅನ್ನಿಸಿತ್ತಾ? ಅನ್ನಿಸಿಯೂ ಸುಮ್ಮನಿದ್ರಾ? ಸಂಕೋಚ ಬೇಡ, ಕೈ ಎತ್ತಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನೆಲ ಒರೆಸುವ ಹೆಂಗಸು ಒರೆಸುವ ಕೋಲನ್ನು ಗೋಡೆಗೊರಗಿಸಿ ಕೈ ಎತ್ತಿದಳು. ಆಮೇಲೆ ಎಡಗೈಯವಳು. ಆಮೇಲೆ ಹಿಂದಿನ ಸಾಲಿನಲ್ಲಿ ಇಬ್ಬರು, ಮೂವರು, ಮತ್ತೊಬ್ಬರು. ಅಂಪೈರ್ ನೀರಿನ ಬಾಟಲಿ ಕೆಳಗಿಟ್ಟು, ಅವರೂ ಕೈ ಎತ್ತಿದರು.

ಒಂದೊಂದು ಕೈಯ ಹಿಂದೆಯೂ ಗೆರೆಯಣ್ಣನಿಗೆ ಹಲವಾರು ಕೈಗಳು ಕಂಡವು. ಅವು ಕರಗುವವರೆಗೆ ಕಾದು ನಿಂತ. ಉಳಿದ ಕೈಗಳೂ ಕಡಿಮೆಯೇನಿರಲಿಲ್ಲ. ಅವನು ಒಂದು ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತ.

"ಒಬ್ಬೊಬ್ಬರಾಗಿ ಹೇಳಿ" ಎಂದ.